ಲಿಯೋಟಾಳ ಹೆಬ್ಬೆರಳು

ಲಿಯೋಟಾ ಕ್ಲಿಂಗರ್ ಮೂವತ್ತಮೂರು ವರ್ಷ ಷರ್ಟಿನ ಕಾಲರು ಹೊಲಿದವಳು. ಪೂರ್ತಿ ಷರ್ಟನ್ನಲ್ಲ, ಕಾಲರನ್ನು ಮಾತ್ರ. ನಮ್ಮೂರಿನ ಕಾರ್ಖಾನೆಯಲ್ಲಿ ತೋಳಿನವರು ಬೇರೆ, ಜೇಬಿನವರು ಬೇರೆ, ಗುಂಡಿಯವರು ಬೇರೆ. ಕಾಲರಿನವರ ಕೆಲಸ ಹೊಲಿಗೆ ಹಾಕಿದಲ್ಲಿಗೆ ಮುಗಿಯುತ್ತಿರಲಿಲ್ಲ. ಅದನ್ನು ಒಳಗಿನಿಂದ ಹೊರಕ್ಕೆ ಮಗುಚಿ, ಎರಡೂ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಚೂಪು ಮಾಡಬೇಕು. ದಿನಕ್ಕೆ ಆರುನೂರು ಕಾಲರು, ಸಾವಿರದ ಇನ್ನೂರು ಮೂಲೆ. ಊರಿನ ಗಂಡಸರು ಗಣಿಗೆ ಇಳಿದು ಎದೆಯ ಉಸಿರನ್ನು ಕೊಟ್ಟರು. ಹೆಂಗಸರು ಕಾರ್ಖಾನೆಗೆ ಹೆಬ್ಬೆರಳು ಕೊಟ್ಟರು. ಗಣಿ ಮುಚ್ಚಿತು, ಕಾರ್ಖಾನೆಯೂ ಮುಚ್ಚಿತು. ಇವತ್ತಿಗೂ ಅಂಗಡಿಯಲ್ಲಿ ಯಾರಾದರೂ ಹಾಲಿನ ಕ್ಯಾನನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಎತ್ತಿದರೆ, ಅವಳು ಯಾವ ಸಾಲಿನಲ್ಲಿ ಕೂತಿದ್ದಳೆಂದು ನಾವು ಕೇಳದೆಯೇ ಹೇಳುತ್ತೇವೆ.

ಲಿಯೋಟಾಳಿಗೆ ಅರವತ್ತೊಂಬತ್ತು. ಅವಳ ವಾರದಲ್ಲಿ ಆರು ದಿನಗಳು ಎಲ್ಲರ ಹಾಗಿದ್ದವು. ಏಳನೆಯದು ಗುರುವಾರ.

ಗುರುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಕೋವಿ ಕ್ಲಬ್ಬಿನ ಗೇಟು ತೆರೆಯುತ್ತದೆ. ಗಣಿಯಿಂದ ತೆಗೆದು ಸುರಿದ ಕಸದ ಕರಿಗುಡ್ಡವೇ ನಮ್ಮ ಹಿಂಗೋಡೆ. ಎಷ್ಟು ಗುಂಡು ಹಾರಿಸಿದರೂ ಅದು ನುಂಗಿ ಸುಮ್ಮನಿರುತ್ತದೆ. ಯಾರೂ ನೆಡದೆ ಅದರ ಮೇಲೆ ಬಿಳಿಯ ಬರ್ಚ್ ಮರಗಳು ಎದ್ದಿವೆ. ಗುಡ್ಡದ ಬುಡದಲ್ಲಿ ಕಾಗದದ ಗುರಿಗಳು, ಐವತ್ತು ಹೆಜ್ಜೆ ಈಚೆಗೆ ತಗಡಿನ ಚಪ್ಪರ, ಚಪ್ಪರದಡಿ ಹನ್ನೆರಡು ಮೇಜು. ನಾಲ್ಕನೆಯದು ಲಿಯೋಟಾಳದು, ಐದನೆಯದು ಅವಳ ಗಂಡ ಮರ್ಲ್‌ನದು. ನಲವತ್ತು ವರ್ಷಗಳಿಂದ ಇದು ಬದಲಾಗಿಲ್ಲ.

ಆಟ ಸರಳ. ಐದು ನಿಮಿಷ, ಹತ್ತು ಗುಂಡು, ನೂರು ಅಂಕ. ಶುರುವಾಗುವ ಮೊದಲು ನಡೆಯುವ ಒಂದು ಪದ್ಧತಿಯೇ ನಮಗೆ ಆಟಕ್ಕಿಂತ ಮುಖ್ಯ. ಮೈದಾನದ ಉಸ್ತುವಾರಿಯ ಸ್ಟುಶ್ ಯುರ್ಕೋನಿಸ್ ಗಣಿಯ ಹಳೆಯ ಹಿತ್ತಾಳೆ ಗಂಟೆಯ ಹಗ್ಗ ಹಿಡಿದು ನಿಲ್ಲುತ್ತಾನೆ. "ತುಂಬಿದವರು?" ಎಂದು ಕೂಗುತ್ತಾನೆ. ಕೋವಿಗೆ ತನ್ನ ಕೈಯಾರೆ ಗುಂಡು ತುಂಬಿದವರು ಮಾತ್ರ ಕೈ ಎತ್ತಬೇಕು. ಎಲ್ಲ ಕೈಗಳೂ ಎದ್ದ ಮೇಲೆ ಗಂಟೆ. ಚಪ್ಪರದ ಕಂಬಕ್ಕೆ ಹೊಡೆದ ಹಲಗೆಯ ಮೇಲೆ ಸ್ಟುಶ್‌ನ ಅಪ್ಪ ಬಿಳಿ ಬಣ್ಣದಲ್ಲಿ ಬರೆದದ್ದು ಇನ್ನೂ ಇದೆ: ನಿನ್ನ ಕೋವಿ ನೀನೇ ತುಂಬು. ಅದರ ನೇರ ಮೇಲಕ್ಕೆ, ತಗಡಿನ ಮಾಡಿನಲ್ಲಿ ಒಂದು ತೂತು. ಹಿಂದೊಮ್ಮೆ ಒಬ್ಬ ಒಳ್ಳೆಯ ಗಂಡ ಹೆಂಡತಿಗೆ ಸಹಾಯವಾಗಲೆಂದು ಅವಳ ಕೋವಿ ತುಂಬಿಟ್ಟ. ಖಾಲಿ ಇದೆಯೆಂದು ಅವಳು ಎತ್ತಿಕೊಂಡಳು. ಆವತ್ತು ಮಾಡಿಗೇ ಹೋಯಿತು, ಯಾರ ತಲೆಗೂ ಹೋಗಲಿಲ್ಲ. ತೂತಿಗೆ ಹಳೆಯ ಕಾರಿನ ನಂಬರ್ ಪ್ಲೇಟು ಹೊಡೆದಿದ್ದಾರೆ.

ಲಿಯೋಟಾಳ ಕೋವಿ ಒಂಟಿ ಗುಂಡಿನದು. ಮದುವೆಯ ವರ್ಷ ಮರ್ಲ್ ಅವಳಿಗೆ ಉಂಗುರವನ್ನೂ ಇದನ್ನೂ ಕೊಟ್ಟಿದ್ದ. "ಉಂಗುರ ಬಿಗಿಯಾಯ್ತು, ಕೋವಿ ಮಾತ್ರ ಅಳತೆ ತಗೊಂಡು ಮಾಡಿಸಿದ ಹಾಗಿತ್ತು" ಎಂದು ಅವಳು ಎಲ್ಲರ ಮುಂದೆ ಹೇಳುತ್ತಾಳೆ. ಪ್ರತಿ ಸಲ ಒಂದು ಗುಂಡನ್ನು ನಳಿಗೆಯ ಹಿಂದಿನ ಬಾಯಿಗಿಟ್ಟು, ಅಗುಳಿಯಂಥ ಬೋಲ್ಟು ಮುಚ್ಚಿ, ಹಿಂದಿನ ಗುಬುಟನ್ನು ಹೆಬ್ಬೆರಳು ತೋರುಬೆರಳಿನಿಂದ ಹಿಡಿದು ಟಕ್ಕೆನ್ನುವವರೆಗೆ ಎಳೆಯಬೇಕು. ಹತ್ತು ಗುಂಡಿಗೆ ಹತ್ತು ಸಲ. ಮೊದಲೆಲ್ಲ ಹತ್ತೂ ಮುಗಿಸಿ, ಉಳಿದ ನಿಮಿಷದಲ್ಲಿ ಕನ್ನಡಕ ಒರೆಸಿಕೊಂಡು ಕೂರುತ್ತಿದ್ದಳು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಐದು ನಿಮಿಷ ಮುಗಿದ ಗಂಟೆ ಹೊಡೆದಾಗ ಅವಳ ಮೇಜಿನ ಮೇಲೆ ಎರಡು ಗುಂಡು ಉಳಿದಿದ್ದವು. ಏಪ್ರಿಲ್‌ನಲ್ಲಿ ನಾಲ್ಕು. ಬೆರಳ ನಡುವಿನಿಂದ ಗುಬುಟು ಜಾರುತ್ತಿತ್ತು. ಜಾರಿದಾಗಲೆಲ್ಲ ಹೆಬ್ಬೆರಳಿನ ಬುಡದಿಂದ ಮೊಣಕೈಯವರೆಗೆ ಸೂಜಿ ಓಡುತ್ತಿತ್ತು. ಅವಳು ತುಟಿ ಕಚ್ಚುವುದನ್ನು ಐದನೆಯ ಮೇಜಿನಿಂದ ಮರ್ಲ್ ನೋಡುತ್ತಿದ್ದ.

"ಸೆಮಿ ಆಟೋಮ್ಯಾಟಿಕ್ ಒಂದು ತಗೊಳ್ಳೋಣ ಕಣೇ" ಎಂದ ಅವನು, ಮನೆಗೆ ಹೋಗುವಾಗ. "ಒಂದು ಸಲ ತುಂಬಿದ್ರೆ ಆಯ್ತು. ನೀನು ಬರೀ ಟ್ರಿಗರ್ ಒತ್ತೋದು, ಮುಂದಿನ ಗುಂಡನ್ನ ಅದೇ ತಂದು ಕೂರಿಸ್ಕೊಳ್ಳುತ್ತೆ."

"ಹೊಲಿಗೆ ಮಷೀನು!" ಎಂದಳು ಲಿಯೋಟಾ.

ಕ್ಲಬ್ಬಿನಲ್ಲಿ ಅಂಥ ರೈಫಲ್ಲುಗಳಿಗೆ ಅದೇ ಹೆಸರು. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಅದನ್ನು ಹಿಡಿದು ಜಿಂಕೆ ಬೇಟೆಗೆ ಹೋಗುವ ಹಾಗಿಲ್ಲ. ಹಾಗಾಗಿ ಹಳಬರು ಅದನ್ನು ಆಟಿಕೆಗಳ ಸಾಲಿನಲ್ಲಿ ಇಡುತ್ತಾರೆ. ಟಕ ಟಕ ಟಕ ಎಂದು ಯಾರಾದರೂ ಹಾರಿಸಿದರೆ ಮೊದಲ ಮೇಜಿನ ಡಿನಿ ಬ್ರೆನನ್ "ನನ್ನ ಪ್ಯಾಂಟಿನ ಅಂಚೂ ಸ್ವಲ್ಪ ಮಡಚಿ ಹೊಲಿದುಬಿಡಪ್ಪಾ" ಎಂದು ಕೂಗುತ್ತಾನೆ. ಹಾಗೆ ಕೂಗಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಲಿಯೋಟಾ.

"ಮೂವತ್ತಮೂರು ವರ್ಷ ಹೊಲಿಗೆ ಮಷೀನಿನ ಮುಂದೆ ಕೂತೆ. ಗುರುವಾರವೂ ಅದನ್ನೇ ತಂದಿಡ್ತೀಯಾ?"

"ಇಲ್ಲಾಂದ್ರೆ ಗುರುವಾರವೇ ಇರಲ್ಲ" ಎಂದ ಮರ್ಲ್. ಅಂದ ಮೇಲೆ ಅಂದದ್ದಕ್ಕೆ ನೊಂದುಕೊಂಡ. ಕಾರಿನಿಂದ ಇಳಿಯುವಾಗ ಅವಳು ಹೇಳಿದಳು: "ಶನಿವಾರ ಎಲ್ವುಡ್ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾನೆ?"

ಎಲ್ವುಡ್ ಹೆಪ್ಲರ್‌ನ ಅಂಗಡಿಯಲ್ಲಿ ಮುಂದೆ ಮೊಳೆ, ಬಣ್ಣ, ಹಿಮ ಎತ್ತುವ ಸಲಿಕೆ. ಹಿಂದೆ ಕೋವಿಗಳು. ಅವನ ತಾಯಿ ಲಿಯೋಟಾಳ ಪಕ್ಕದ ಸಾಲಿನಲ್ಲಿ ಜೇಬು ಹೊಲಿಯುತ್ತಿದ್ದವಳು. ಐವತ್ತು ದಾಟಿದರೂ ಎಲ್ವುಡ್‌ಗೆ ಇವಳು ಆಂಟಿಯೇ.

"ಬನ್ನಿ ಆಂಟಿ. ಕೊನೆಗೂ ಹೊಲಿಗೆ ಮಷೀನು ಕೊಳ್ಳೋಕೆ ಬಂದ್ರಾ?"

"ಬಾಯಿ ಮುಚ್ಚಿ ತೋರಿಸು" ಎಂದಳು ಲಿಯೋಟಾ.

ಅವನು ಹಸಿರು ಬಟ್ಟೆ ಹಾಸಿ ಮೂರನ್ನು ಇಟ್ಟ. ಮೂರೂ ಸಣ್ಣ ಗುಂಡಿನವು, ಭುಜಕ್ಕೆ ಒದೆಯದವು. ಮೊದಲನೆಯದು ಗಿಡ್ಡ, ಕಪ್ಪು. ಹಿಂಭಾಗವನ್ನು ಎಳೆದರೆ ಉದ್ದವಾಗುತ್ತದೆ, ತಳ್ಳಿದರೆ ಮೋಟಾಗುತ್ತದೆ, ಮೈತುಂಬ ತೂತು, ಕೊಕ್ಕೆ. ಲಿಯೋಟಾ ಅದನ್ನು ತಿರುಗಿಸಿ ನೋಡಿ "ರಿಪೇರಿಗೆ ಬಿಚ್ಚಿ ಮತ್ತೆ ಜೋಡಿಸೋಕೆ ಮರೆತ ಸೈಕಲ್ ಹಾಗಿದೆ" ಎಂದು ವಾಪಸು ಇಟ್ಟಳು. ಎರಡನೆಯದಕ್ಕೆ ಪ್ಲಾಸ್ಟಿಕ್ ಹಿಡಿ, ತೆಳು ನಳಿಗೆ, ಹಕ್ಕಿಯಷ್ಟು ಹಗುರ. ಮರ್ಲ್‌ನ ಮುಖ ಅರಳಿತು.

"ಇದೇ ಸರಿ. ಅವಳ ಕೈಗೆ ಭಾರವೇ ಗೊತ್ತಾಗಲ್ಲ."

"ಅಂಕಲ್, ಅಲ್ಲೇ ಎಲ್ಲರೂ ತಪ್ಪು ಮಾಡೋದು" ಎಂದ ಎಲ್ವುಡ್. "ಆಂಟಿ ಇದನ್ನ ಹೊತ್ಕೊಂಡು ಬೆಟ್ಟ ಹತ್ತಲ್ಲ, ಮೇಜಿನ ಮೇಲೆ ಊರಿ ಹೊಡೀತಾರೆ. ಕೈ ನಡುಗಿದ್ರೆ ಹಗುರದ ಕೋವಿ ಜೊತೆಗೆ ನಡುಗುತ್ತೆ. ಭಾರದ್ದು ಕೂತ್ಕೊಳ್ಳುತ್ತೆ. ಇದನ್ನ ಹಿಡೀರಿ."

ಮೂರನೆಯದಕ್ಕೆ ವಾಲ್‌ನಟ್ ಮರದ ಹಿಡಿ, ದಪ್ಪ ನಳಿಗೆ. ಮರಳ ಚೀಲದ ಮೇಲೆ ಇಟ್ಟು ಕೆನ್ನೆ ಆನಿಸಿದಾಗ ಅದು ಮಲಗಿದ ನಾಯಿಯ ಹಾಗೆ ಅಲುಗಲಿಲ್ಲ. ಲಿಯೋಟಾ ಉಸಿರು ಬಿಟ್ಟಳು. ಆಮೇಲೆ ಒಂದು ಗಂಟೆ ಮೂವರೂ ಅದರ ಸುತ್ತಲೇ ಇದ್ದರು. ಟ್ರಿಗರ್ ಎಷ್ಟು ಮೆತ್ತಗಿರಬೇಕು ಎಂದು ಮಾತಾಯಿತು. ತೀರಾ ಮೆತ್ತಗಿದ್ದರೆ ನಡುಗುವ ಬೆರಳು ತಾಗಿದರೂ ಹಾರುತ್ತದೆ, ಅದು ಬೇಡ ಎಂದು ಎಲ್ವುಡ್ ಹೇಳಿದ. ದುರ್ಬೀನು ಬೇಕೋ, ಬರಿಗಣ್ಣಿನ ಗುರಿಕಟ್ಟು ಸಾಕೋ ಎಂದು ಮಾತಾಯಿತು. ಹಿಡಿಯ ಉದ್ದ ಅಳೆದರು. ಮೊದಲ ಗುಂಡು ಕೂರಲು ಪಕ್ಕದ ಸಣ್ಣ ಹಿಡಿಕೆಯನ್ನು ಒಮ್ಮೆ ಹಿಂದಕ್ಕೆ ಎಳೆದುಬಿಟ್ಟರೆ ಆಯಿತು. ಅದನ್ನು ಲಿಯೋಟಾ ತೋರುಬೆರಳನ್ನು ಕೊಕ್ಕೆ ಮಾಡಿ ಸಲೀಸಾಗಿ ಎಳೆದಳು. ಕೋವಿಯ ಹೊಟ್ಟೆಯಡಿ ಸಿಕ್ಕಿಸುವ, ಹತ್ತು ಗುಂಡು ಹಿಡಿಯುವ ಡಬ್ಬಿಯನ್ನು ಟಕ್ಕೆಂದು ಹಾಕಿದಳು, ತೆಗೆದಳು. ಖಾಲಿ ಡಬ್ಬಿಯನ್ನು.

ಎಲ್ವುಡ್‌ನ ಗಲ್ಲಾದ ಮೇಲೆ ಒಂದು ಫಲಕವಿದೆ: ಅಂಗಡಿಯೊಳಗೆ ಗುಂಡು ತುಂಬುವಂತಿಲ್ಲ. ಎಲ್ಲ ಕೋವಿ ಅಂಗಡಿಗಳಲ್ಲೂ ಇರುವುದೇ. ಹಾಗಾಗಿ ಕೋವಿ ಆರಿಸುವವರು ಎತ್ತಿ ನೋಡುತ್ತಾರೆ, ಗುರಿಯಿಟ್ಟು ನೋಡುತ್ತಾರೆ, ಖಾಲಿ ಟ್ರಿಗರ್ ಒತ್ತಿ ನೋಡುತ್ತಾರೆ. ತುಂಬಿ ನೋಡುವವರು ಯಾರೂ ಇಲ್ಲ. ಲಿಯೋಟಾ ಮದುವೆಯಾದಂದಿನಿಂದ ಒಂದೊಂದೇ ಗುಂಡು ಕೋವಿಯ ಬಾಯಿಗಿಟ್ಟವಳು, ಡಬ್ಬಿಗೆ ತುಂಬಿದವಳಲ್ಲ. ಮರ್ಲ್ ಸಾವಿರ ಸಲ ತುಂಬಿದವನು, ಆದ್ದರಿಂದಲೇ ಅದೊಂದು ಕೆಲಸವೆಂದು ಅವನಿಗೆ ಹೊಳೆಯಲಿಲ್ಲ. ಎಲ್ವುಡ್ ಫಾರಂ ತುಂಬಿಸಿ, ಕೊಳ್ಳುವವರ ಹಿನ್ನೆಲೆ ತಪಾಸಣೆಗೆ ಫೋನು ಮಾಡಿ, ಆ ಕಡೆಯವರು ಸರಿ ಅನ್ನುವವರೆಗೆ ಕಹಿ ಕಾಫಿ ಕೊಟ್ಟ. ಮೂವರಿಗೂ ಸಂತೋಷವಾಗಿತ್ತು.

ಬುಧವಾರ ಮಧ್ಯಾಹ್ನ ಮರ್ಲ್ ಹಿತ್ತಲಿನಿಂದ ಬಂದಾಗ ಲಿಯೋಟಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಕೋವಿಯ ಜೊತೆ ತಂದ ಮೂರು ಡಬ್ಬಿ. ಮೇಜಿನ ತುಂಬ, ನೆಲದ ತುಂಬ ಚೆಲ್ಲಿದ ಗುಂಡುಗಳು. ಡಬ್ಬಿಯೊಳಗೆ ಸ್ಪ್ರಿಂಗಿದೆ. ಪ್ರತಿ ಗುಂಡನ್ನೂ ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ ಒಳಗೆ ಜಾರಿಸಬೇಕು. ಒಳಗೆ ಹೋದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ. ಅವಳಿಗೆ ನಾಲ್ಕು ಹೋಗಿದ್ದವು. ಐದನೆಯದನ್ನು ಒತ್ತುವಾಗ ಹೆಬ್ಬೆರಳು ಸೋತು, ನಾಲ್ಕೂ ಹೊರಗೆ ಹಾರಿದ್ದವು. ಅದೇ ಬೆರಳು, ಅದೇ ಒತ್ತು. ಕಾಲರಿನ ಮೂಲೆಗೆ ಮೂವತ್ತಮೂರು ವರ್ಷ ಕೊಟ್ಟ ಒತ್ತು.

ಮರ್ಲ್ ಮಂಡಿಯೂರಿ ನೆಲದ ಗುಂಡುಗಳನ್ನು ಆರಿಸಿದ. ಎದುರು ಕೂತು ಮೂರು ಡಬ್ಬಿಗಳನ್ನು ಒಂದೊಂದಾಗಿ ತುಂಬಿದ. ಮುಗಿಸಲು ಮೂರು ನಿಮಿಷವೂ ಆಗಲಿಲ್ಲ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬದೊಳಗೆ ಅವನ್ನಿಟ್ಟು ಮುಚ್ಚಳ ಹಾಕಿದ.

"ಮನೇಲಿ ತುಂಬಿದ್ದು ಯಾರಿಗೆ ಗೊತ್ತಾಗುತ್ತೆ?" ಎಂದ.

ಲಿಯೋಟಾ ಕಿಟಕಿಯ ಕಡೆ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಹೊಸ ಕೋವಿಯಲ್ಲಿ ಹೊಡೆಯುವ ಆಸೆ ಅವಳಿಗೂ ಇತ್ತು.

ಆ ಗುರುವಾರ ಸ್ಟುಶ್ "ತುಂಬಿದವರು?" ಎಂದಾಗ ಅವಳ ಕೈ ಎಲ್ಲರ ಜೊತೆಗೇ ಎದ್ದಿತು. ಗಂಟೆ ಹೊಡೆಯಿತು. ದಪ್ಪ ನಳಿಗೆ ಮರಳ ಚೀಲದ ಮೇಲೆ ನಿಶ್ಚಲ ಕೂತಿತ್ತು. ಅವಳು ಉಸಿರು ಬಿಟ್ಟು ಒತ್ತಿದಳು, ಖಾಲಿ ಹಿತ್ತಾಳೆ ಬಲಕ್ಕೆ ಹಾರಿತು, ಮತ್ತೆ ಗುರಿ, ಮತ್ತೆ ಉಸಿರು. ಹತ್ತೂ ಮುಗಿದಾಗ ಇನ್ನೂ ಎರಡು ನಿಮಿಷ ಇತ್ತು. ಕನ್ನಡಕ ಒರೆಸಿಕೊಂಡಳು.

ತೊಂಬತ್ತನಾಲ್ಕು. ಕಾರ್ಖಾನೆ ಮುಚ್ಚಿದ ಮೇಲೆ ಅವಳಿಗೆ ಬಂದ ಅತಿ ದೊಡ್ಡ ಅಂಕ. ಡಿನಿ ಬ್ರೆನನ್ ತನ್ನ ಟೋಪಿ ತೆಗೆದು ಅವಳ ತಲೆಗೆ ಇಟ್ಟ. "ಇನ್ಮೇಲೆ ನನ್ನ ಪ್ಯಾಂಟೂ ನಿನ್ನ ಹತ್ರನೇ ಹೊಲಿಸ್ತೀನಿ ಕಣಮ್ಮಾ" ಎಂದ. ಕ್ಲಬ್ಬಿನ ಕೋಣೆಯಲ್ಲಿ ಸ್ಟುಶ್‌ನ ಹೆಂಡತಿ ಆಲೂಗಡ್ಡೆ ತುರಿದು ಬ್ಲೀನಿ ಕರಿಯುತ್ತಿದ್ದಳು, ಎಣ್ಣೆಯ ವಾಸನೆ ಹೊರಗಿನ ಬರ್ಚ್ ಮರಗಳವರೆಗೂ ಹೋಗಿತ್ತು. ಸ್ಟುಶ್ ಕರಿಹಲಗೆಯ ಮೇಲ್ತುದಿಯಲ್ಲಿ ಸೀಮೆಸುಣ್ಣದಿಂದ ಅವಳ ಹೆಸರು ಬರೆದ. ಎಲ್ಲರೂ ತಟ್ಟೆ ಹಿಡಿದು ಕೂತರು. ಲಿಯೋಟಾಳ ತಟ್ಟೆಯಲ್ಲಿ ಎರಡು ಬ್ಲೀನಿ ಹಾಗೇ ಆರಿದವು.

ಅವಳು ಎದ್ದಳು. ಹಲಗೆಯ ಹತ್ತಿರ ಹೋಗಿ, ಅಂಗಿಯ ತೋಳಿನಿಂದ ತನ್ನ ಹೆಸರನ್ನು ಒರೆಸಿದಳು.

"ಏ, ಏನಿದು?" ಎಂದ ಸ್ಟುಶ್.

"ನಾನು ತುಂಬಿಲ್ಲ ಸ್ಟುಶ್. ತುಂಬದೇ ಕೈ ಎತ್ತಿದೆ."

ಯಾರು ತುಂಬಿದ್ದು ಎಂದು ಯಾರೂ ಕೇಳಲಿಲ್ಲ. ಮರ್ಲ್‌ನ ಕಿವಿ ಕೆಂಪಾಗಿತ್ತು.

ಸ್ಟುಶ್ ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನೋಡು ಲಿಯೋಟಾ. ನಿನ್ನ ಕೈ ವಿಷಯ ಎಲ್ಲರಿಗೂ ಗೊತ್ತು. ಬೇಕಿದ್ರೆ ಸಮಿತಿಯಲ್ಲಿ ಒಂದು ಮಾತು ಹೇಳಿ, ನಿನಗೊಬ್ಬಳಿಗೆ..."

"ಆ ಮಾಡಿನ ತೂತು ನನಗೊಬ್ಬಳಿಗೆ ಇಲ್ದೇ ಹೋಗುತ್ತಾ?" ಎಂದಳು ಅವಳು. ಸಿಟ್ಟಿನಿಂದಲ್ಲ. ಡಿನಿಯ ಟೋಪಿಯನ್ನು ಅವನ ತಲೆಗೆ ವಾಪಸು ಇಟ್ಟು ಹೊರಗೆ ನಡೆದಳು.

ಕಾರಿನಲ್ಲಿ ಮರ್ಲ್ ಕೀಲಿ ತಿರುಗಿಸದೆ ಸ್ಟೇರಿಂಗ್ ಹಿಡಿದು ಕೂತ.

"ನಾನೇನು ಹೊರಗಿನವನಾ?" ಎಂದ.

"ಹೊರಗಿನವನಲ್ಲ." ಲಿಯೋಟಾ ತನ್ನ ಕೈಗಳನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡಿದ್ದಳು. "ನೀನು ನನ್ನ ಷೂ ಲೇಸು ಕಟ್ತೀಯ. ಜಾಡಿ ಮುಚ್ಚಳ ತೆಗೀತೀಯ. ಬೆನ್ನ ಹಿಂದಿನ ಹುಕ್ಕೂ ನೀನೇ ಹಾಕ್ತೀಯ. ಯಾವತ್ತಾದ್ರೂ ಬೇಡ ಅಂದಿದೀನಾ? ಗುರುವಾರ ಒಂದನ್ನ ನನಗೆ ಬಿಡು ಮರ್ಲ್. ನನ್ನ ಕೈಲಿ ಆದ್ರೆ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಮನೇಲಿರ್ತೀನಿ."

ಮುಂದಿನ ಗುರುವಾರ ನಾಲ್ಕನೆಯ ಮೇಜು ಖಾಲಿ. ಅದರ ಮುಂದಿನ ಗುರುವಾರವೂ. ಐದನೆಯದೂ ಖಾಲಿ. ಅವಳಿಲ್ಲದೆ ಅವನು ಬರಲಿಲ್ಲ. ಆ ಎರಡು ಮೇಜುಗಳ ಮುಂದೆ ಬೇರೆ ಯಾರೂ ಕೂರಲಿಲ್ಲ. ಗುಂಡಿನ ಸದ್ದು ನಿಂತಾಗ ಡಿನಿಯ ಹಾಸ್ಯಕ್ಕೂ ಯಾರೂ ಸರಿಯಾಗಿ ನಗುತ್ತಿರಲಿಲ್ಲ.

ಮೂರನೆಯ ವಾರದ ಸೋಮವಾರ ಬೆಳಗ್ಗೆ ಎಲ್ವುಡ್ ಅಂಗಡಿಯ ಬಾಗಿಲು ತೆಗೆಯುವಾಗ ಮರ್ಲ್ ಮೆಟ್ಟಿಲ ಮೇಲೆ ಕೂತಿದ್ದ. ಅವನ ಎರಡು ಹೆಬ್ಬೆರಳುಗಳಿಗೂ ಐಸ್‌ಕ್ರೀಮಿನ ಕಡ್ಡಿ ಆನಿಸಿ, ಪೈಪಿಗೆ ಸುತ್ತುವ ಬೂದು ಬಣ್ಣದ ದಪ್ಪ ಟೇಪನ್ನು ಮಣಿಕಟ್ಟಿನವರೆಗೆ ಸುತ್ತಲಾಗಿತ್ತು.

"ಅಂಕಲ್! ಕೈಗೇನಾಯ್ತು?"

"ಏನಾಗಿಲ್ಲ. ಇವತ್ತು ನಾನು ಲಿಯೋಟಾ."

ಎಲ್ವುಡ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವನು ಬಾಗಿಲಿನ "ಮುಚ್ಚಿದೆ" ಫಲಕವನ್ನು ಹಾಗೇ ಬಿಟ್ಟು, ಒಳಗಿನಿಂದ ಚಿಲಕ ಹಾಕಿದ. ಮಕ್ಕಳಿಗೆ ಕಲಿಸಲು ಇಟ್ಟಿದ್ದ ಕೆಂಪು ಪ್ಲಾಸ್ಟಿಕ್ಕಿನ ಸುಳ್ಳು ಗುಂಡುಗಳನ್ನು ಬಟ್ಟಲಲ್ಲಿ ತಂದ. ಇಬ್ಬರೂ ಹಸಿರು ಬಟ್ಟೆಯ ಮುಂದೆ ಕೂತರು.

ಎಲ್ವುಡ್ ತಂದಿಟ್ಟ ಮೊದಲನೆಯ ಕೋವಿಯ ಡಬ್ಬಿಗೆ ಮರ್ಲ್ ಮೂರು ತುಂಬಿದ. ಎರಡನೆಯದಕ್ಕೆ ಎರಡು. ಮೂರನೆಯದರ ಪಕ್ಕದಲ್ಲಿ ಸ್ಪ್ರಿಂಗನ್ನು ಕೆಳಗೆ ಎಳೆಯುವ ಸಣ್ಣ ಗುಂಡಿಯಿತ್ತು. ಅದು ಅಕ್ಕಿಕಾಳಿನಷ್ಟಿತ್ತು, ಸಿಗಲೇ ಇಲ್ಲ. ನಾಲ್ಕನೆಯದು, ಐದನೆಯದು. ಕೆಂಪು ಗುಂಡುಗಳು ಚಿಮ್ಮಿ ಬಣ್ಣದ ಡಬ್ಬಗಳ ಹಿಂದೆ, ಸಲಿಕೆಗಳ ಸಂದಿಗೆ ಹೋದವು. ಹಲ್ಲಿನಿಂದ ಒತ್ತಲು ನೋಡಿದ. ಹಣೆಯಲ್ಲಿ ಬೆವರು ಬಂತು.

"ಇಷ್ಟು ದಿನ ಅವಳು ಹೀಗೇ ಇದ್ಲಾ?" ಎಂದ ಅವನು, ಎಲ್ವುಡ್‌ಗಲ್ಲ, ತನ್ನ ಕೈಗಳಿಗೆ.

ಎಲ್ವುಡ್ ಎದ್ದು ಹಿಂದಿನ ಗೋಡೆಯ ಹಳೆಯ ಮಾಲಿನ ಸಾಲಿನಿಂದ ಒಂದನ್ನು ತಂದ. ಹಿಡಿಯ ಬಣ್ಣ ಸವೆದಿತ್ತು, ಯಾರೋ ಹಿಂದಿನವರು ನಾಣ್ಯದಿಂದ ಗೀಚಿದ ಗೆರೆಗಳಿದ್ದವು. ನಳಿಗೆಯ ಕೆಳಗೆ ಇನ್ನೊಂದು ಸಣ್ಣ ಕೊಳವೆ.

"ಇದೂ ಸೆಮಿ ಆಟೋಮ್ಯಾಟಿಕ್ಕೇ ಅಂಕಲ್. ಆದ್ರೆ ಇದಕ್ಕೆ ಡಬ್ಬಿ ಇಲ್ಲ. ನಮ್ಮಜ್ಜಿ ಜೋಳದ ಕಣಜದ ಹತ್ರ ಇಲಿ ಹೊಡೆಯೋಕೆ ಇಟ್ಕೊಂಡಿದ್ದಂಥದ್ದು. ಈಗಿನವರಿಗೆ ಬೇಡ. ತುಂಬೋದು ನಿಧಾನ ಅಂತಾರೆ."

"ನಿಧಾನವೇ ಬೇಕಾಗಿರೋದು ಮಾರಾಯ."

ಕೋವಿಯ ಮೂತಿಯನ್ನು ಮೇಲಕ್ಕೆ ಓರೆಯಾಗಿ ಹಿಡಿದು, ಕೊಳವೆಯ ತುದಿಯ ಗುಬುಟನ್ನು ತಿರುಗಿಸಿ, ಒಳಗಿನ ಕಡ್ಡಿಯನ್ನು ಅರ್ಧಕ್ಕೆ ಎಳೆಯಬೇಕು. ಆಗ ಕೊಳವೆಯ ಪಕ್ಕದಲ್ಲಿ ಗುಂಡಿನದೇ ಆಕಾರದ ಕಿಂಡಿ ತೆರೆಯುತ್ತದೆ. ಗುಂಡನ್ನು ಆ ಕಿಂಡಿಗೆ ಬಿಟ್ಟರೆ ಸಾಕು. ಒತ್ತುವುದಿಲ್ಲ, ತುರುಕುವುದಿಲ್ಲ. ತನ್ನ ಭಾರಕ್ಕೆ ತಾನೇ ಜಾರಿ, ಕೆಳಗೆ ಟಿಕ್ ಎನ್ನುತ್ತದೆ. ಎಲ್ವುಡ್ ಗುಬುಟು ತಿರುಗಿಸಿ ಕಡ್ಡಿ ಎಳೆದುಕೊಟ್ಟ. ಮರ್ಲ್ ತೋರುಬೆರಳು, ನಡುಬೆರಳಿನ ನಡುವೆ ಒಂದು ಕೆಂಪು ಗುಂಡನ್ನು ಹಿಡಿದು ಕಿಂಡಿಗೆ ಬಿಟ್ಟ. ಟಿಕ್. ಇನ್ನೊಂದು. ಟಿಕ್. ಹತ್ತು ಸಲ. ತೋಳಿನಿಂದ ಕಣ್ಣೊರೆಸಿಕೊಂಡ. ಎಲ್ವುಡ್ ಕಾಫಿ ತರುವ ನೆಪದಲ್ಲಿ ಒಳಗೆ ಹೋದ.

"ಕಟ್ಟಿಕೊಡ್ಲಾ ಅಂಕಲ್?"

"ಬೇಡ. ಹೋದ ಸಲ ನಾನು ಆರಿಸಿದೆ, ಅದಕ್ಕೇ ಹೀಗಾಯ್ತು. ಅವಳೇ ಬರ್ಲಿ. ಅಲ್ಲೀವರೆಗೆ ಯಾರಿಗೂ ಕೊಡ್ಬೇಡ."

"ಹನ್ನೊಂದು ವರ್ಷದಿಂದ ಯಾರೂ ಕೇಳಿಲ್ಲ. ಇನ್ನೊಂದು ದಿನ ಕಾಯುತ್ತೆ ಬಿಡಿ."

ಮನೆಗೆ ಬಂದ ಮೇಲೆ ಮರ್ಲ್‌ಗೆ ಬಾಗಿಲ ಗುಂಡಿ ತಿರುಗಿಸಲಾಗಲಿಲ್ಲ. ಮೊಣಕೈಯಿಂದ ಬಡಿದ. ಲಿಯೋಟಾ ತೆರೆದು, ಅವನ ಕೈಗಳನ್ನು ನೋಡಿ ಬಾಗಿಲಿನಲ್ಲೇ ನಿಂತಳು.

"ಅಯ್ಯೋ, ಎಲ್ಲಿ ಬಿದ್ದೆ?"

"ಬಿದ್ದಿಲ್ಲ ಕಣೇ. ಮೊದ್ಲು ಇದನ್ನ ಬಿಚ್ಚು, ಆಮೇಲೆ ಹೇಳ್ತೀನಿ."

ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳು ಟೇಪಿನ ತುದಿ ಹುಡುಕಿದಳು. ತುದಿ ಸಿಕ್ಕಿತು, ಕೀಳಲಾಗಲಿಲ್ಲ. ಅದಕ್ಕೂ ಹೆಬ್ಬೆರಳು ಬೇಕು. ಅವನೂ ನೋಡಿದ, ಅವನಿಗೂ ಆಗಲಿಲ್ಲ. ನಾಲ್ಕು ಕೈ ಸೇರಿದರೂ ಕೆಲಸಕ್ಕೆ ಬರುವ ಹೆಬ್ಬೆರಳು ಒಂದೂ ಇಲ್ಲ. ಲಿಯೋಟಾಳಿಗೆ ಮೊದಲು ನಗು ಬಂತು. ನಗುತ್ತಲೇ ಹೊಲಿಗೆ ಪೆಟ್ಟಿಗೆಯ ದೊಡ್ಡ ಕತ್ತರಿ ತಂದು, ಎರಡು ಕೈಗಳಲ್ಲೂ ಅದನ್ನು ಹಿಡಿದು, ಟೇಪನ್ನು ಬಲು ನಿಧಾನವಾಗಿ ಕತ್ತರಿಸಿದಳು. ಐಸ್‌ಕ್ರೀಮಿನ ಕಡ್ಡಿಗಳು ಮೇಜಿನ ಮೇಲೆ ಬಿದ್ದವು. ಟೇಪು ಕಿತ್ತ ಕಡೆ ಕೂದಲು ಹೋಗಿ ಚರ್ಮ ಕೆಂಪಾಗಿತ್ತು. ಅವನು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಅವಳು ಆ ಕೆಂಪಿನ ಮೇಲೆ ತನ್ನ ಅಂಗೈ ಇಟ್ಟಳು.

"ಎಷ್ಟು ಡಬ್ಬಿ ನೋಡಿದೆ?"

"ಐದು."

"ದಡ್ಡ" ಎಂದಳು. ನಲವತ್ತೆಂಟು ವರ್ಷದಲ್ಲಿ ಅವಳು ಅವನಿಗೆ ಅದಕ್ಕಿಂತ ಸಿಹಿಯಾದ ಮಾತು ಆಡಿದ್ದಿಲ್ಲ.

ಮಂಗಳವಾರ ಅಂಗಡಿಯಲ್ಲಿ ಲಿಯೋಟಾ ಮರ್ಲ್‌ನನ್ನೂ ಎಲ್ವುಡ್‌ನನ್ನೂ ದೂರದ ಸ್ಟೂಲುಗಳ ಮೇಲೆ ಕೂರಿಸಿದಳು. ಕಾರ್ಖಾನೆಯಲ್ಲಿ ಹೊಸ ಮಷೀನು ಬಂದಾಗ ಮಾಡುತ್ತಿದ್ದ ಹಾಗೆ ಕೋವಿಯನ್ನು ಉದ್ದಕ್ಕೂ ಸವರಿ ನೋಡಿದಳು. ಯಾವ ಮಷೀನಿಗೂ ಒಂದು ಹಠ ಇರುತ್ತದೆ, ಅದು ಎಲ್ಲಿದೆಯೆಂದು ಮೊದಲು ಹುಡುಕಬೇಕು ಎನ್ನುತ್ತಿದ್ದಳು ಅವಳು. ಇದರ ಹಠ ಆ ಗುಬುಟಿನಲ್ಲಿತ್ತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ನುಣುಪು. ಅವಳ ಬೆರಳಿಗೆ ನಿಲ್ಲಲಿಲ್ಲ.

ಮರ್ಲ್ ಸ್ಟೂಲಿನಿಂದ ಅರ್ಧ ಎದ್ದ.

"ಕೂತ್ಕೋ" ಎಂದಳು.

ಕೈಚೀಲದಿಂದ ಒಂದು ತುಂಡು ಬಿಳಿಯ ಪಟ್ಟಿ ತೆಗೆದಳು. ಕಾಲರಿನ ಒಳಗೆ ಕೊಟ್ಟು ಹೊಲಿಯುತ್ತಿದ್ದ ಗಟ್ಟಿ ಹತ್ತಿಯ ಪಟ್ಟಿ. ಕಾರ್ಖಾನೆ ಮುಚ್ಚಿದ ದಿನ ಎಲ್ಲ ಹೆಂಗಸರೂ ಒಂದೊಂದು ಸುರುಳಿ ಮನೆಗೆ ತಂದಿದ್ದರು. ಅದನ್ನು ಗುಬುಟಿನ ಕೊರಳಿಗೆ ಎರಡು ಸುತ್ತು ಬಿಗಿದು, ಹಲ್ಲಿನಲ್ಲಿ ಎಳೆದು ಗಂಟು ಹಾಕಿ, ಉಳಿದದ್ದನ್ನು ಬಳೆಯ ಹಾಗೆ ಕುಣಿಕೆ ಮಾಡಿದಳು. ಕುಣಿಕೆಗೆ ಎರಡು ಬೆರಳು ತೂರಿಸಿ ಮಣಿಕಟ್ಟು ಹೊರಳಿಸಿದಳು. ಗುಬುಟು ತಿರುಗಿತು. ಎಳೆದಳು. ಕಡ್ಡಿ ಬಂತು. ಕೆಂಪು ಗುಂಡುಗಳನ್ನು ಒಂದೊಂದೇ ಬಿಟ್ಟಳು, ಮೂತಿಯಿಂದ ಮುಖ ದೂರವಿಟ್ಟು, ಕಿವಿ ಮಾತ್ರ ವಾಲಿಸಿ. ಹತ್ತನೆಯ ಟಿಕ್ ಆದ ಮೇಲೆ ಅಂಗೈಯ ಬುಡದಿಂದ ಕಡ್ಡಿಯನ್ನು ಒಳಗೆ ದೂಡಿ, ತಿರುಗಿಸಿದಳು.

"ಇದು" ಎಂದಳು.

"ನಳಿಗೆ ತೆಳು ಆಂಟಿ, ಸ್ವಲ್ಪ ನಡುಗುತ್ತೆ" ಎಂದ ಎಲ್ವುಡ್. ವ್ಯಾಪಾರಿಯಾದರೂ ನಿಜ ಹೇಳುವವನು. "ಅಂಕ ಕಡಿಮೆಯಾಗಬಹುದು."

"ಆಗ್ಲಿ. ನಡುಗೋದೂ ನನ್ನ ಕೈನೇ ತಾನೇ."

ದಪ್ಪ ನಳಿಗೆಯದು ಮರ್ಲ್‌ಗೆ ಇರಲಿ ಎಂದಾಯಿತು.

ಗುರುವಾರ ಮೂರಕ್ಕೆ ನಾಲ್ಕನೆಯ ಮೇಜಿನ ಮುಂದೆ ಲಿಯೋಟಾ ಬಂದು ಕೂತಾಗ ಯಾರೂ ವಿಶೇಷವಾಗಿ ಏನೂ ಹೇಳಲಿಲ್ಲ. ಡಿನಿ ಮಾತ್ರ ಕುಣಿಕೆಯನ್ನು ನೋಡಿ ಬಾಯಿ ತೆರೆದ.

"ಹೊಲಿಗೆ ಮಷೀನಿಗೆ ದಾರನೂ ಪೋಣಿಸಿಕೊಂಡೇ ತಂದಿದೀಯಲ್ಲ!"

"ಹೂಂ. ನಿನ್ನ ಬಾಯಿ ಹೊಲಿಯೋಕೆ ಸಾಕಾಗುತ್ತೋ ಇಲ್ವೋ ಅಂತ ಯೋಚ್ನೆ."

ಎಲ್ಲರೂ ನಕ್ಕರು. ಮೂರು ವಾರದ ನಗು ಅದು. ಆಮೇಲೆ ಎಲ್ಲರೂ ತುಂಬತೊಡಗಿದರು. ಟಕ ಟಕ ಡಬ್ಬಿಗಳು ಕೂತವು. ಒಂದು ನಿಮಿಷದಲ್ಲಿ ಹನ್ನೊಂದು ಮೇಜು ಸಿದ್ಧ. ನಾಲ್ಕನೆಯ ಮೇಜಿನಲ್ಲಿ ಮೂರನೆಯ ಟಿಕ್.

ಸ್ಟುಶ್ ಹಗ್ಗ ಹಿಡಿದು ನಿಂತಿದ್ದ. ಕೇಳಲಿಲ್ಲ. ಗುಡ್ಡದ ಕಡೆ ನೋಡುತ್ತಿದ್ದ, ಬರ್ಚ್ ಎಲೆಗಳನ್ನು ಇದೇ ಮೊದಲು ಕಂಡವನ ಹಾಗೆ. ಐದನೆಯ ಟಿಕ್. ಆರನೆಯ ಗುಂಡು ಅವಳ ಬೆರಳುಗಳ ನಡುವಿನಿಂದ ಜಾರಿ, ಮೇಜಿಗೆ ತಾಗಿ, ಕಲ್ಲುಪುಡಿಯ ಮೇ​ಲೆ ಬಿದ್ದು ಮರ್ಲ್‌ನ ಷೂವಿನ ಹತ್ತಿರ ಬಂದು ನಿಂತಿತು. ಹನ್ನೊಂದು ಜನ ಅದನ್ನು ನೋಡಿದರು. ಯಾರೂ ಬಗ್ಗಲಿಲ್ಲ. ಮರ್ಲ್ ತನ್ನ ಎರಡು ಕೈಗಳನ್ನೂ ತೊಡೆಯಡಿ ಇಟ್ಟು ಕೂತಿದ್ದ. ಲಿಯೋಟಾ ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದಳು. ಟಿಕ್. ಏಳು. ಎಂಟು. ಗುಡ್ಡದ ಹಿಂದಿನ ರಸ್ತೆಯಲ್ಲಿ ಒಂದು ಲಾರಿ ಗೇರು ಬದಲಾಯಿಸಿತು. ಒಂಬತ್ತು. ಹತ್ತು. ಅಂಗೈಯ ಬುಡದಿಂದ ದೂಡಿದಳು. ಕುಣಿಕೆಗೆ ಬೆರಳು ತೂರಿಸಿ ಹೊರಳಿಸಿದಳು.

ಆಗ ಸ್ಟುಶ್ ಮೇಜುಗಳ ಕಡೆ ತಿರುಗಿದ.

"ತುಂಬಿದವರು?"

ಕೈಗಳು ಎದ್ದವು. ನಾಲ್ಕನೆಯ ಮೇಜಿನ ಕೈ ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಮೇಲಕ್ಕೆ ಎದ್ದಿತು. ಹೆಬ್ಬೆರಳು ಬುಡದಲ್ಲಿ ಗಂಟುಕಟ್ಟಿ ಒಳಕ್ಕೆ ಬಾಗಿತ್ತು. ಸ್ಟುಶ್ ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿ ಗಂಟೆ ಎಳೆದ.

ಅವಳಿಗೆ ಎಪ್ಪತ್ತೊಂದು ಬಂತು. ಒಂದು ಗುಂಡು ಕಾಗದಕ್ಕೇ ತಾಗಿರಲಿಲ್ಲ. "ಅದು ಗುಡ್ಡಕ್ಕೆ ಕೊಟ್ಟಿದ್ದು" ಎಂದಳು. ಕರಿಹಲಗೆಯಲ್ಲಿ ಅವಳ ಹೆಸರು ಒಂಬತ್ತನೆಯದು. ಸ್ಟುಶ್ ಬರೆಯುವಾಗ ಹತ್ತಿರ ಹೋಗಿ, ಸರಿಯಾಗಿ ಬರೆದಿದ್ದಾನೋ ಇಲ್ಲವೋ ನೋಡಿ, ತನ್ನ ಜಾಗಕ್ಕೆ ಬಂದು ಕೂತಳು.

ಬ್ಲೀನಿ ಬಿಸಿಯಾಗಿದ್ದವು. ಎರಡು ತಿಂದು ಮೂರನೆಯದಕ್ಕೆ ಕೈಚಾಚಿದಳು. ಬೀಟ್‌ರೂಟು ಮುಲ್ಲಂಗಿಯ ಖಾರದ ಚಟ್ನಿಯ ಜಾಡಿ ಅವಳ ಮುಂದೆ ಇತ್ತು. ಡಿನಿಯ ಜೊತೆ ಅಂಕದ ಬಗ್ಗೆ ಜಗಳವಾಡುತ್ತಲೇ, ತಿರುಗಿ ನೋಡದೆ, ಜಾಡಿಯನ್ನು ಪಕ್ಕಕ್ಕೆ ಮರ್ಲ್‌ನ ಕಡೆ ಸರಿಸಿದಳು. ಅವನು ಮುಚ್ಚಳ ತೆಗೆದು ಅವಳ ತಟ್ಟೆಯ ಹತ್ತಿರ ಇಟ್ಟ.